ಅಡುಗೆಮನೆ ಸಾಮಾನಿನಿಂದ ಚಿತ್ರಕ್ಕೆ ಟೆಕ್ಸ್ಚರ್: ಯಾವುದು ಮಳೆಗಾಲ ದಾಟುತ್ತದೆ?

ಕಡಲತಡಿ (ಉಡುಪಿ)

ಎಲ್ಲರಿಗೂ ನಮಸ್ಕಾರ. ಹಳೆಯ ಮುರಕಲ್ಲಿನ ಬಾವಿಕಟ್ಟೆಯೊಂದನ್ನು ಅಕ್ರಿಲಿಕ್‌ನಲ್ಲಿ ಮಾಡ್ತಾ ಇದ್ದೇನೆ. ನಮ್ಮ ಊರಿನ ಕೆಂಪುಕಲ್ಲು ನೋಡಿದವರಿಗೆ ಗೊತ್ತುಂಟು: ಮೈಯೆಲ್ಲ ತೂತು, ತೂತಿನೊಳಗೆ ಕಪ್ಪು, ಮಳೆ ಬಿದ್ದ ಕಡೆ ಪಾಚಿ. ಬ್ರಷ್‌ನಲ್ಲಿ ಎಷ್ಟು ತಿದ್ದಿದರೂ ಅದು ಇಟ್ಟಿಗೆ ಗೋಡೆಯಾಗಿಯೇ ಕಾಣ್ತದೆ. ಉಬ್ಬು ಮಾಡಲಿಕ್ಕೆ ಹಚ್ಚುವ ಮಾಡೆಲಿಂಗ್ ಪೇಸ್ಟ್ ತಗೊಳ್ಳುವ ಅಂದ್ರೆ ಸಣ್ಣ ಡಬ್ಬಿಗೇ ಕೈ ಸುಡುವ ರೇಟು. ವಿಡಿಯೋಗಳಲ್ಲಿ ಮೈದಾ ಹಾಕಿ, ರವೆ ಹಾಕಿ, ಕಾಫಿಪುಡಿ ಹಾಕಿ, ಉಪ್ಪು ಹಾಕಿ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಅದನ್ನೆಲ್ಲ ನೋಡಿದ್ರೆ ಚಿತ್ರವೋ ಉಪ್ಪಿಟ್ಟೋ ಅಂತ ಸಂಶಯ ಬರ್ತದೆ. ನಿಜವಾಗಿ ಮಾಡಿದವರು ಯಾರಾದ್ರೂ ಇದ್ದೀರಾ? ಚಿತ್ರ ಮನೆಯ ಚಾವಡಿಯಲ್ಲಿ ಇರುವಂಥದ್ದು. ಜೂನ್‌ನಿಂದ ಸಪ್ಟೆಂಬರ್ ತನಕ ಆ ಗೋಡೆ ಹೇಗಿರ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಬಣ್ಣದ ಡಬ್ಬಿ (ಬೆಂಗಳೂರು)

ಅಯ್ಯೋ, ಧೈರ್ಯವಾಗಿ ಹಾಕಿ! ನಾನು ಮನೇಲಿರೋದನ್ನೆಲ್ಲಾ ಹಾಕಿ ನೋಡಿದೀನಿ. ಚಿರೋಟಿ ರವೆನ ಫೆವಿಕಾಲ್‌ನಲ್ಲಿ ಕಲಸಿ ಹಚ್ಚಿದ್ರೆ ಸಿಮೆಂಟ್ ಗೋಡೆ ಥರ ಬರುತ್ತೆ. ಸಬ್ಬಕ್ಕಿ ಹಾಕಿದ್ರೆ ಗುಳ್ಳೆಗುಳ್ಳೆ. ಟಿಶ್ಯೂ ಪೇಪರ್‌ನ ಮುದುರಿ ಬಿಡಿಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅಂಟಿಸಿ. ಒಣಗಿದ ಮೇಲೆ ಸುಕ್ಕಿನ ನೆತ್ತಿ ಮೇಲೆ ಮಾತ್ರ ಒಣ ಬ್ರಷ್ ಎಳೆದ್ರೆ ಮರದ ತೊಗಟೆ ಸಿದ್ಧ. ಮೊಟ್ಟೆ ಚಿಪ್ಪು ಇನ್ನೂ ಚೆನ್ನ. ಒಳಗಿನ ತೆಳು ಪೊರೆ ತೆಗೆದು ಅಂಟಿಸಿ, ಬೆರಳಲ್ಲಿ ಒತ್ತಿದ್ರೆ ತಾನೇ ಬಿರುಕು ಬಿಡುತ್ತೆ. ವಿಯೆಟ್ನಾಂನವರು ಅರಗಿನ ಚಿತ್ರದಲ್ಲಿ ಬಿಳಿ ಬಣ್ಣದ ಜಾಗಕ್ಕೆ ಇದನ್ನೇ ಕೂರಿಸ್ತಾರೆ. ನನ್ನ ಗೋಡೆ ಮೇಲಿರೋದೆಲ್ಲಾ ಇವತ್ತಿಗೂ ಚೆನ್ನಾಗೇ ಇದೆ.

ಚೌಕಟ್ಟಿನಂಗಡಿ (ಮಂಗಳೂರು)

ಬೆಂಗಳೂರಿನ ಗೋಡೆ ಬೇರೆ, ನಮ್ಮದು ಬೇರೆ ಮೇಡಂ. ನಾನು ಚಿತ್ರ ಬರೆಯುವವನಲ್ಲ, ಫ್ರೇಮ್ ಹಾಕುವವ. ಚಿತ್ರದ ಮುಖವನ್ನು ಎಲ್ಲರೂ ನೋಡ್ತಾರೆ, ಬೆನ್ನು ನೋಡುವುದು ನಾವು. ಕನ್ನಡಿ ಒಳಗೆ ಬೂದು ಬಣ್ಣದ ಬೂಸ್ಟು ಬಂದದ್ದು, ಮೂಲೆಯಲ್ಲಿ ಪುಡಿ ಉದುರುವುದು, ಬೆಳ್ಳಿಹುಳ ಓಡುವುದು, ಹೀಗೆ ಬಿಚ್ಚಿಸಿಕೊಳ್ಳಲು ಬರುವ ಕೆಲಸಗಳಲ್ಲಿ ಹಿಟ್ಟು ಹಾಕಿದವೇ ಹೆಚ್ಚು. ಮೈದಾ, ರವೆ, ಅಕ್ಕಿ, ಸಾಬುದಾನ, ಕಾಫಿಪುಡಿ, ಚಾಪುಡಿ ಎಲ್ಲ ಒಂದೇ ಜಾತಿ. ಫೆವಿಕಾಲ್‌ನಲ್ಲಿ ಮುಳುಗಿಸಿದ್ದೇವಲ್ಲ, ಗಾಳಿ ಹೋಗುವುದಿಲ್ಲ ಅಂತ ಹೇಳ್ತಾರೆ. ಫೆವಿಕಾಲ್ ಒಣಗಿದ ಮೇಲೂ ತೇವ ಹೀರ್ತದೆ ಮಾರಾಯ್ರೆ. ನೀರು ಸಿಕ್ಕಿದ್ರೆ ಮತ್ತೆ ಮೆತ್ತಗಾಗ್ತದೆ. ಒಳಗಿದ್ದ ರವೆಗೆ ಅಷ್ಟು ಸಾಕು.

ನನ್ನ ಲೆಕ್ಕ ಹೀಗೆ. ಅಡುಗೆಮನೆಯಿಂದ ತಂದದ್ದು ಚಿತ್ರದ ಮೇಲೆ ಗುರುತು ಬಿಟ್ಟು ಎದ್ದು ಹೋಗುವಂಥದ್ದಾದ್ರೆ ಏನು ಬೇಕಾದ್ರೂ ತನ್ನಿ. ಹೀರೇಕಾಯಿ ನಾರು, ಬಾಚಣಿಗೆ, ಪಾತ್ರೆ ತಿಕ್ಕುವ ಸ್ಕ್ರಬ್ಬರ್, ಹಳೇ ಟೂತ್‌ಬ್ರಷ್, ಬಾಳೆಎಲೆ. ಒಳಗೇ ಉಳಿದುಕೊಳ್ಳುವಂಥದ್ದಾದ್ರೆ ಅದು ಕಲ್ಲೋ ಮಣ್ಣೋ ಆಗಿರಬೇಕು. ತಿನ್ನುವ ವಸ್ತು ಆಗಬಾರದು. ನಾವು ತಿನ್ನುವುದನ್ನೆಲ್ಲ ಹುಳವೂ ತಿನ್ತದೆ. ಚಿಪ್ಪಿನ ವಿಷಯದಲ್ಲಿ ಮೇಡಂ ಹೇಳಿದ್ದು ಸರಿ: ಪೊರೆ ಪೂರ್ತಿ ತೆಗೆದು ತೊಳೆದು ಒಣಗಿಸಿದ್ರೆ ಉಳಿಯುವುದು ಸುಣ್ಣದಕಲ್ಲಿನದ್ದೇ ವಸ್ತು, ಅದಕ್ಕೆ ಏನೂ ಆಗುವುದಿಲ್ಲ.

ಬಣ್ಣದ ಡಬ್ಬಿ (ಬೆಂಗಳೂರು)

ಸರಿ ಅಣ್ಣ, ರವೆ ವಾಪಸ್ ತಗೊಂಡೆ. ಟಿಶ್ಯೂ ಪೇಪರ್ ಮಾತ್ರ ಬಿಡಲ್ಲ.

ಗೆರೆಗಾರ್ತಿ (ಮೈಸೂರು)

ಈ ಉಬ್ಬು ಕೆಲಸದ ಚರ್ಚೆಯಲ್ಲಿ ನಮ್ಮೂರಿನ ಹೆಸರು ಬರದೇ ಇರೋದು ನೋಡಿ ಬರೀತಿದೀನಿ. ಮೈಸೂರು ಶೈಲಿಯಲ್ಲಿ ಚಿನ್ನದ ರೇಕು ಕೂರೋ ಕಡೆ, ಅಂದ್ರೆ ಒಡವೆ, ಕಿರೀಟ, ಸೆರಗಿನ ಅಂಚು, ಕಂಬದ ಬಳ್ಳಿ, ಇಲ್ಲೆಲ್ಲಾ ಮೊದಲು ಗೆಸ್ಸೊ ಕೆಲಸ, ಅಂದ್ರೆ ಬಿಳಿ ಪುಡಿ ಅಂಟು ಕಲಸಿದ ಪೇಸ್ಟಲ್ಲಿ ಉಬ್ಬು ಮಾಡ್ತೀವಿ. ಹಿಂದೆ ಅದಕ್ಕೆ ಸೀಸದ ಬಿಳಿ ಪುಡಿ, ಹಳದಿ ಬಣ್ಣದ ಗಾಂಬೋಜ್ ಅಂಟು, ಗೋಂದು ಸೇರಿಸಿ ಅರೀತಿದ್ರು. ಸೀಸ ವಿಷ, ಹಾಗಾಗಿ ಈಗ ಸತುವಿನ ಬಿಳಿ ಪುಡಿ. ತಂಜಾವೂರಿನವರ ಉಬ್ಬು ದಪ್ಪ, ನಮ್ಮದು ತೆಳುವು. ಬೆರಳಾಡಿಸಿದ್ರೆ ಗೊತ್ತಾಗಬೇಕು ಅಷ್ಟೇ. ಕರಡು ಗೆರೆಗೆ ಹುಣಸೆಕಡ್ಡಿ ಸುಟ್ಟ ಇದ್ದಿಲು. ಇದರಲ್ಲಿ ಯಾವುದು ತಾನೇ ಫ್ಯಾಕ್ಟರಿಯಿಂದ ಬಂದದ್ದು ಹೇಳಿ? ಮಾಡೆಲಿಂಗ್ ಪೇಸ್ಟ್ ಅನ್ನೋದೂ ಒಂದು ಬಿಳಿ ಕಲ್ಲುಪುಡಿ, ಒಂದು ಅಂಟು, ಇಷ್ಟೇ. ಡಬ್ಬಿ ಹೊಸದು.

ಈಗ ನಿಮ್ಮ ಬಾವಿಕಟ್ಟೆಗೆ ಬರೋಣ. ಬಿಳಿ ರಂಗೋಲಿ ಪುಡಿ ತಗೊಳ್ಳಿ. ಅಕ್ಕಿಹಿಟ್ಟಿನದ್ದಲ್ಲ, ಕಲ್ಲಿನದ್ದು. ಬಣ್ಣದ ರಂಗೋಲಿ ಬೇಡ, ಅದರ ಬಣ್ಣ ಬಿಸಿಲಿಗೆ ನಿಲ್ಲಲ್ಲ. ಪುಡಿನ ಜರಡಿ ಹಿಡಿದು ನುಣ್ಣಗಿರೋದು ಒಂದು ಡಬ್ಬಿ, ತರಿ ಒಂದು ಡಬ್ಬಿ ಮಾಡ್ಕೊಳ್ಳಿ. ಎರಡರಿಂದ ಮೂರು ಪಾಲು ಪುಡಿಗೆ ಒಂದು ಪಾಲು ಅಂಟು. ಅಂಟಿಗೆ ಫೆವಿಕಾಲ್ ಬದಲು ಪೇಂಟ್ ಅಂಗಡಿಯ ಅಕ್ರಿಲಿಕ್ ಎಮಲ್ಷನ್ ಬಿಳಿ ಬಣ್ಣವನ್ನೇ ಬಳಸಿ. ಹೊರಗೋಡೆಗೆ ಹಚ್ಚೋದಿರುತ್ತಲ್ಲ, ಅದು. ಒಣಗಿದ ಮೇಲೆ ನೀರಿಗೆ ಕರಗಲ್ಲ, ನಿಮ್ಮೂರಿಗೆ ಅದೇ ಸರಿ. ದೋಸೆಹಿಟ್ಟಿಗಿಂತ ಗಟ್ಟಿ ಇರಲಿ. ಒಂದೇ ಸಲಕ್ಕೆ ದಪ್ಪ ಮೆತ್ತಬೇಡಿ, ಮೇಲಿನ ಪದರ ಒಣಗಿ ಒಳಗೆ ಹಸಿ ಉಳಿದು ಬಿರಿಯುತ್ತೆ. ಎರಡು ಮಿಲಿಮೀಟರ್ ಹಚ್ಚಿ, ಪೂರ್ತಿ ಒಣಗಲಿ, ಮತ್ತೆ ಹಚ್ಚಿ. ಕಲ್ಲಿನ ಅಂಚು, ಗಾರೆಯ ಸಂದು ಇಂಥದ್ದಕ್ಕೆ ನುಣ್ಣನೆ ಪೇಸ್ಟನ್ನ ಮೆಹೆಂದಿ ಕೋನ್‌ಗೆ ತುಂಬಿ ಎಳೀರಿ. ಇವತ್ತಿನ ಕಲಿಯೋರೆಲ್ಲಾ ಕೋನ್‌ನಲ್ಲೇ ಮಾಡೋದು, ಬ್ರಷ್ ತುದಿಯಲ್ಲಿ ಗೆಸ್ಸೊ ಎಳೆಯೋ ತಾಳ್ಮೆ ಯಾರಿಗಿದೆ.

ಇನ್ನೊಂದು ಮಾತು: ಒಣಗಿದ್ದನ್ನ ಉಪ್ಪುಕಾಗದದಲ್ಲಿ ಉಜ್ಜುವಾಗ ಮೂಗಿಗೆ ಮಾಸ್ಕ್ ಹಾಕ್ಕೊಳ್ಳಿ. ಕಲ್ಲಿನ ಧೂಳು ಪುಪ್ಪುಸಕ್ಕೆ ಒಳ್ಳೇದಲ್ಲ.

ಕಡಲತಡಿ (ಉಡುಪಿ)

ಗೆರೆಗಾರ್ತಿ ಅಕ್ಕ, ತುಂಬ ಉಪಕಾರ ಆಯ್ತು. ಎರಡು ಪ್ರಶ್ನೆ. ಕ್ಯಾನ್ವಾಸ್ ಮೇಲೆ ಇದು ನಿಲ್ತದಾ? ಮತ್ತೆ ವಾಲ್ ಪುಟ್ಟಿ ಅರ್ಧ ಚೀಲ ಮನೆಯಲ್ಲೇ ಉಂಟು, ಅದನ್ನು ಹಾಕಿದ್ರೆ ಆಗುವುದಿಲ್ವಾ?

ಚೌಕಟ್ಟಿನಂಗಡಿ (ಮಂಗಳೂರು)

ಪುಟ್ಟಿ ಗೋಡೆಗೆ ಮಾಡಿದ್ದು. ಗೋಡೆ ಅಲುಗುವುದಿಲ್ಲ, ಕ್ಯಾನ್ವಾಸ್ ಅಲುಗ್ತದೆ. ಎತ್ತುವಾಗ ಹಿಂದಿನಿಂದ ಒಂದು ಬೆರಳು ತಾಗಿದ್ರೆ ಸಾಕು, ಗೆರೆ ಬೀಳ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನದ್ದೂ ಅದೇ ಕತೆ. ಎರಡನ್ನೂ ಹಲಗೆ ಮೇಲೆ ಮಾತ್ರ ಮಾಡಿ. ಹಲಗೆ ಅಂದ್ರೆ ಪ್ಲೈವುಡ್. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ನಮ್ಮ ಕಡೆ ಮಳೆಗಾಲದಲ್ಲಿ ಅಂಚಿನಿಂದ ಉಬ್ಬಲು ಶುರುವಾಗ್ತದೆ. ಪ್ಲೈಗೆ ಹಿಂದೆ ಮುಂದೆ ಎರಡೂ ಕಡೆ ಪ್ರೈಮರ್ ಹಚ್ಚಬೇಕು. ಒಂದೇ ಕಡೆ ಹಚ್ಚಿದ್ರೆ ಹಲಗೆ ಬಾಗ್ತದೆ. ಅಂಚನ್ನು ಮರೆಯಬೇಡಿ, ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಗೆರೆಗಾರ್ತಿ (ಮೈಸೂರು)

ಪುಟ್ಟಿಯಲ್ಲಿ ಬಿಳಿ ಸಿಮೆಂಟ್ ಇರುತ್ತೆ, ಅದು ಕ್ಷಾರ. ಅದರ ಮೇಲೆ ನೇರ ಬಣ್ಣ ಹಚ್ಚಬೇಡಿ, ಪ್ರೈಮರ್ ಬೇಕೇ ಬೇಕು. ಯಾಕೆ ಅಂತ ನೋಡಬೇಕಿದ್ರೆ ಪುಟ್ಟಿ ಇನ್ನೂ ಹಸಿ ಇರುವಾಗ ಒಂದು ಚಿಟಿಕೆ ಅರಿಶಿನ ಉದುರಿಸಿ. ಆರತಿಗೆ ಸುಣ್ಣ ಅರಿಶಿನ ಕದಡಿ ಓಕುಳಿ ಮಾಡ್ತೀವಲ್ಲ, ಅದೇ ಕೆಂಪು ಬರುತ್ತೆ.

ಎರೆಹೊಲ (ಗದಗ)

ನಮಸ್ಕಾರ್ರೀ. ನಂದು ನಿಮ್ಮ ಉಲ್ಟಾ ಸಮಸ್ಯೆ. ಬ್ಯಾಸಿಗ್ಯಾಗ ನಮ್ಮ ಎರಿಹೊಲ ಬಾಯಿ ಬಿಟ್ಟು ಕುಂತಿರ್ತದಲ್ಲ, ಆ ಬಿರುಕು ಬೇಕಾಗಿತ್ತು. ಹೊಲದ ಮಣ್ಣನ್ನ ತಂದು ಕಲಸಿ ಹಚ್ಚಿದ್ರ ಆತಲ್ಲ ಅಂತ ಎಲ್ಲಾರೂ ಅಂತಾರ. ಆಗೂದಿಲ್ಲ. ಎರಿಮಣ್ಣು ನೀರು ಕುಡದು ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ಬಿರುಕು ಬರ್ತಾವು ಖರೆ, ಆದ್ರ ಹೆಕ್ಕಳಿಕಿ ಎದ್ದು ಹಲಗಿ ಬಿಟ್ಟು ಉದುರತಾವು.

ಬಿರುಕು ಬೇಕಂದ್ರ ಅಂಟಿನ ಆಟ ಆಡಬೇಕ್ರಿ. ಮೊದಲು ಹಲಗಿಗೆ ಕಂದು ಇಲ್ಲಾ ಕರಿ ಅಕ್ರಿಲಿಕ್ ಹಚ್ಚಿ ಒಣಗಸ್ರಿ. ಅದರ ಮ್ಯಾಲ ಫೆವಿಕಾಲ್ ದಪ್ಪಗ ಬಳೀರಿ. ಅದು ಬೆಳ್ಳಗಿದ್ದದ್ದು ತಿಳಿ ಆಗ್ಲಿಕ್ಕೆ ಹತ್ತಿ, ಬಟ್ಟಿಗೆ ಜಿಗಿ ಜಿಗಿ ಹತ್ತೂ ಹೊತ್ತಿಗೆ ಮ್ಯಾಲ ಬ್ಯಾರೆ ಬಣ್ಣ ಒಂದ ಸಲ ಎಳದ ಬಿಡ್ರಿ. ತಿರುಗಿ ಬ್ರಷ್ ಆಡಸಬ್ಯಾಡ್ರಿ. ಮ್ಯಾಲಿನ ಬಣ್ಣ ಲಗೂನ ಒಣಗತೈತಿ, ಕೆಳಗಿನ ಅಂಟು ಇನ್ನೂ ಸರಿದಾಡ್ತಿರ್ತದ, ಅದಕ್ಕ ಬಣ್ಣ ಹರೀತದ. ಅಂಟು ದಪ್ಪ ಇದ್ರ ಬಿರುಕು ದೊಡ್ಡವು, ತೆಳ್ಳಗಿದ್ರ ಸಣ್ಣವು. ಬ್ರಷ್ ಎಳದ ದಿಕ್ಕಿಗೇ ಬಿರುಕು ಉದ್ದ ಹೋಗತಾವು. ಒಣಗಿದ ಮ್ಯಾಲ ವಾರ್ನಿಶ್ ಹೊಡದು ಮುಚ್ಚಿಬಿಡ್ರಿ, ಇಲ್ಲಂದ್ರ ಮಂಗಳೂರಣ್ಣ ಮತ್ತ ಬೈತಾರ.

ಕಡಲತಡಿಯವ್ರ, ನಿಮಗೊಂದು ಮಾತು. ನಿಮ್ಮ ಕೆಂಪುಕಲ್ಲಿನ ಪುಡಿ ಹಂಗಲ್ಲ ನೋಡ್ರಿ. ಅದರಾಗ ಇರೂದು ಕಬ್ಬಿಣದ ತುಕ್ಕು, ಅದು ಉಬ್ಬೂದೂ ಇಲ್ಲ, ಕುಗ್ಗೂದೂ ಇಲ್ಲ, ಬಿಸಿಲಿಗೆ ಬಣ್ಣ ಬಿಡೂದೂ ಇಲ್ಲ. ಕಲ್ಲು ಕೊಯ್ಯೂ ಕಡೆ ಪುಡಿ ರಾಶಿ ಬಿದ್ದಿರ್ತದಲ್ಲ? ಬಾವಿ ಚಿತ್ರಕ್ಕ ಬಾವಿದೇ ಕಲ್ಲು ಹಾಕ್ರಿ!

ಕಡಲತಡಿ (ಉಡುಪಿ)

ಇದು ತಲೆಗೆ ಹೊಳೆದೇ ಇರ್ಲಿಲ್ಲ ನೋಡಿ! ಮನೆಯಿಂದ ಕೂಗಳತೆಯಲ್ಲಿ ಕೋರೆ ಉಂಟು.

ಡ್ರಾಯಿಂಗ್ ಮೇಷ್ಟ್ರು (ಶಿರಸಿ)

ಎರೆಹೊಲದವರು ಹೇಳಿದ್ದು ನಮ್ಮ ಕರಾವಳಿಗೆ ಹೊಸದಲ್ಲ. ಕಾವಿ ಕಲೆ ಅದೇ ಅಲ್ಲವೇ? ಗೋವಾದಿಂದ ನಮ್ಮ ಉತ್ತರ ಕನ್ನಡದವರೆಗೆ ದೇವಸ್ಥಾನದ ಗೋಡೆಗಳಲ್ಲಿ ಕಾಣುತ್ತದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ, ಅದು ಹಸಿ ಇರುವಾಗಲೇ ಮೊನಚು ಕಬ್ಬಿಣದಲ್ಲಿ ಕೆರೆದರೆ ಕೆಳಗಿನ ಬಿಳಿ ಎದ್ದು ಬರುತ್ತದೆ. ಬಣ್ಣ ಹಚ್ಚುವುದಕ್ಕಿಂತ ಕೆರೆಯುವುದೇ ಅಲ್ಲಿನ ಚಿತ್ರ. ಅದೂ ಮಳೆ ಸುರಿಯುವ ಸೀಮೆಯ ಗೋಡೆಗಳ ಮೇಲೆ ಉಳಿದು ಬಂದಿದೆ. ನೀವೂ ಅದನ್ನೇ ಮಾಡಬಹುದು. ತಿಳಿ ಬಣ್ಣದ ಪೇಸ್ಟ್ ಒಣಗಿದ ಮೇಲೆ ಕೆಂಪು ಪದರ ಹಚ್ಚಿ, ಅದು ಹಸಿ ಇರುವಾಗ ಫೋರ್ಕ್‌ನಿಂದಲೋ ಹೆರೆಮಣೆಯ ಹಲ್ಲಿನಿಂದಲೋ ಕೆದಕಿ. ಮುರಕಲ್ಲಿನ ತೂತಿಗೆ ಸುಲಭದ ದಾರಿ ಇದೆ: ಹಸಿ ಪೇಸ್ಟಿನ ಮೇಲೆ ಕಲ್ಲುಪ್ಪು ಒತ್ತಿ, ಒಣಗಿದ ಮೇಲೆ ನೀರಲ್ಲಿ ತೊಳೆಯಿರಿ. ಉಪ್ಪು ಕರಗಿ ಹೋಗುತ್ತದೆ, ಗುಳಿ ಉಳಿಯುತ್ತದೆ. ಫ್ರೇಮಿನವರ ಕಾನೂನಿಗೂ ಇದು ಒಪ್ಪಿತ, ಎದ್ದು ಹೋಗುವ ವಸ್ತು! ಆದರೆ ಎಮಲ್ಷನ್ ಕಲಸಿದ ಪೇಸ್ಟಿಗೆ ಮಾತ್ರ. ಫೆವಿಕಾಲ್ ಆದರೆ ತೊಳೆಯುವಾಗ ಗೋಡೆಯೇ ಕದಡುತ್ತದೆ. ಚೆನ್ನಾಗಿ ತೊಳೆಯಿರಿ, ಉಪ್ಪು ಒಳಗೆ ಉಳಿದರೆ ಮಳೆಗಾಲದಲ್ಲಿ ನೀರೆಳೆಯುತ್ತದೆ.

ಮಕ್ಕಳಿಗೆ ಮಾಡಿಸುವವರಿಗೆ ಇನ್ನಷ್ಟು. ಲಟ್ಟಣಿಗೆಗೆ ದಾರ ಸುತ್ತಿ ಬಣ್ಣ ಸವರಿ ಉರುಳಿಸಿದರೆ ಉತ್ತ ಗದ್ದೆ. ರಟ್ಟಿನ ಡಬ್ಬದ ಮೇಲುಪದರ ಸುಲಿದರೆ ಒಳಗಿನ ಅಲೆಯೇ ಹೆಂಚಿನ ಮಾಡು. ಅಡ್ಡ ಕತ್ತರಿಸಿದ ಬೆಂಡೆಕಾಯಿ ಅಚ್ಚಂತೂ ಎಲ್ಲರಿಗೂ ಗೊತ್ತು. ಮೇಣದಬತ್ತಿಯಲ್ಲಿ ಗೀಚಿ ಮೇಲೆ ಜಲವರ್ಣ ಹಾಯಿಸಿದರೆ ಮೇಣದ ಜಾಗ ಬಿಳಿ ಉಳಿಯುತ್ತದೆ. ಇದನ್ನು ಮಕ್ಕಳ ಆಟ ಅನ್ನುವವರಿಗೆ ನಾನು ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ಹೆಸರು ಹೇಳುತ್ತೇನೆ. ಯುದ್ಧ ಕಾಲದಲ್ಲಿ, 1940-41ರಲ್ಲಿ, ಬಾಂಬ್ ದಾಳಿಗೆ ಹೆದರಿ ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಮಲಗಿದ್ದ ಜನರ ಚಿತ್ರಗಳನ್ನು ಆತ ಮಾಡಿದ್ದು ಮೇಣದ ಕ್ರೆಯಾನ್ ಮೇಲೆ ಜಲವರ್ಣ ಹಾಯಿಸಿಯೇ.

ಬ್ರಷ್ಷೂ ಕೊಳ್ಳಲೇಬೇಕೆಂದಿಲ್ಲ. ನಮ್ಮ ಪಕ್ಕದ ಸಾಗರದ ಕಡೆ ಹಸೆ ಚಿತ್ತಾರ ಬರೆಯುವ ಹೆಂಗಸರು ಪುಂಡಿ ನಾರನ್ನು ಜಜ್ಜಿ ಕುಂಚ ಮಾಡುತ್ತಾರೆ. ಬಿಳಿಗೆ ಅಕ್ಕಿ ಅರೆದದ್ದು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ.

ಬಣ್ಣದ ಡಬ್ಬಿ (ಬೆಂಗಳೂರು)

ನೋಡಿ, ಅವರು ಅಕ್ಕಿ ಹಾಕ್ತಾರೆ!

ಡ್ರಾಯಿಂಗ್ ಮೇಷ್ಟ್ರು (ಶಿರಸಿ)

ಹಾಕುತ್ತಾರೆ ತಾಯಿ. ಗೋಡೆ ಮತ್ತೆ ಸಾರಿಸಿ ಹೊಸದಾಗಿ ಬರೆಯುತ್ತಾರೆ ಕೂಡ. ಆ ಚಿತ್ತಾರ ಗಾಜಿನೊಳಗೆ ಕೂರಲು ಹುಟ್ಟಿದ್ದಲ್ಲ.

ಹಿಮದೂರು (ಮಿನ್ನೆಸೋಟ)

ಉಪ್ಪಿನ ಮಾತು ಬಂದಿದ್ದಕ್ಕೆ ಜಲವರ್ಣದ ಕಡೆಯಿಂದ ನಂದೊಂದು ಸೇರಿಸ್ತೀನಿ. ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿದ್ರೆ ಪ್ರತಿ ಹರಳೂ ಸುತ್ತಲ ನೀರನ್ನ ತನ್ನ ಕಡೆ ಎಳೆಯುತ್ತೆ, ಬಣ್ಣ ಸರಿದು ನಕ್ಷತ್ರದ ಹಾಗೆ ಗುರುತು ಬೀಳುತ್ತೆ. ಎಲ್ಲಾ ಇರೋದು ಸಮಯದಲ್ಲಿ. ಕಾಗದ ಓರೆಯಾಗಿ ಹಿಡಿದಾಗ ನೀರಿನ ಹೊಳಪು ಆಗತಾನೆ ಮಾಯವಾಗ್ತಿರಬೇಕು. ಅದಕ್ಕೂ ಮೊದಲು ಹಾಕಿದ್ರೆ ಉಪ್ಪು ಕರಗಿ ಕಲೆಯಾಗುತ್ತೆ, ತಡವಾದ್ರೆ ಏನೂ ಆಗಲ್ಲ. ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿ ಮನೆಯ ಗಾಳಿ ಎಷ್ಟು ಒಣಗಿರುತ್ತೆ ಅಂದ್ರೆ ಉಪ್ಪಿನ ಡಬ್ಬ ತೆಗೆಯೋದ್ರೊಳಗೆ ಹೊಳಪು ಹೋಗಿರುತ್ತೆ. ಉಡುಪಿಯಲ್ಲಿ ಜುಲೈನಲ್ಲಿ ಇದರ ತದ್ವಿರುದ್ಧ, ಉಪ್ಪೇ ಡಬ್ಬದಲ್ಲಿ ನೀರಾಗಿರುತ್ತೆ. ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿ ಬಳಸಿ. ಪುಡಿಯುಪ್ಪಿಗೆ ಸಣ್ಣ ಚುಕ್ಕಿ, ಕಲ್ಲುಪ್ಪಿಗೆ ದೊಡ್ಡ ಹೂವು. ತಾನಾಗಿ ಒಣಗಲಿ, ಹೇರ್ ಡ್ರೈಯರ್ ಹಿಡಿದ್ರೆ ಅರ್ಧಕ್ಕೇ ನಿಲ್ಲುತ್ತೆ. ಆಮೇಲೆ ಎಲ್ಲಾ ಹರಳನ್ನೂ ಉಜ್ಜಿ ತೆಗೆಯಲೇಬೇಕು.

ಉಳಿದ ತಿಂಡಿ ಮುಚ್ಚೋ ಪ್ಲಾಸ್ಟಿಕ್ ಹಾಳೆಯನ್ನ ಒದ್ದೆ ಬಣ್ಣದ ಮೇಲೆ ಸುಕ್ಕುಸುಕ್ಕಾಗಿ ಹೊದಿಸಿ ಒಣಗೋವರೆಗೂ ಬಿಟ್ಟರೆ ಬಂಡೆಯ ಮೈ ಬರುತ್ತೆ. ಪಾಚಿಗೆ, ಹಸಿ ಹಸಿರಿನ ಮೇಲೆ ಸ್ಯಾನಿಟೈಸರ್ ಹನಿ ಬಿಡಿ. ಜೆಲ್ ಅಲ್ಲ, ನೀರಿನ ಥರ ಇರೋದು. ಹನಿ ಬಿದ್ದ ಕಡೆ ಬಣ್ಣ ಓಡಿಹೋಗಿ ಉಂಗುರ ಆಗುತ್ತೆ. ಒಲೆ, ದೀಪ ಹತ್ತಿರ ಇರಬಾರದು ಅಷ್ಟೆ.

ಒಂಟಿಗೆರೆ (ತುಮಕೂರು)

ಎಲ್ಲ ಓದಿದೆ. ಯಾರೂ ಹೇಳದೇ ಇದ್ದದ್ದನ್ನ ಹೇಳ್ತೀನಿ, ಬೇಜಾರು ಬೇಡ. ಕಲ್ಲಿನ ಪುಡಿ ಮೆತ್ತಿ ಕಲ್ಲು ತೋರಿಸೋದ್ರಲ್ಲಿ ಚಿತ್ರ ಎಲ್ಲಿ ಬಂತು? ನೆರಳು ಬೆಳಕು ಸರಿ ಹಿಡಿದ್ರೆ ಚಪ್ಪಟೆ ಕಾಗದದ ಮೇಲೇ ಬಂಡೆ ಒರಟಾಗಿ ಕಾಣುತ್ತೆ. ಇದೆಲ್ಲ ಕ್ರಾಫ್ಟ್ ಕ್ಲಾಸಿನ ಕೆಲಸ.

ಗೆರೆಗಾರ್ತಿ (ಮೈಸೂರು)

ಹಾಗಾದ್ರೆ ಫ್ರಾನ್ಸಿನ ಚಿತ್ರಕಾರ ಬ್ರಾಕ್ 1912ರಲ್ಲಿ ಬಣ್ಣಕ್ಕೆ ಮರಳು ಬೆರೆಸಿದ್ದು ಕ್ರಾಫ್ಟ್ ಕ್ಲಾಸಾ? ಜರ್ಮನಿಯ ಚಿತ್ರಕಾರ ಕೀಫರ್ ಕ್ಯಾನ್ವಾಸಿಗೆ ಹುಲ್ಲು ಮೆತ್ತಿದ್ದು? ನಮ್ಮ ಕೆ. ವೆಂಕಟಪ್ಪನವರು ನೀವು ಹೇಳೋ ಹಾಗೆ ಚಪ್ಪಟೆ ಕಾಗದದ ಮೇಲೆ ಊಟಿಯ ಬೆಟ್ಟಗಳನ್ನ ಜಲವರ್ಣದಲ್ಲಿ ತೋರಿಸಿದವರು, ಅದೇ ಕೈಯಲ್ಲಿ ಪ್ಲಾಸ್ಟರ್ ಉಬ್ಬುಶಿಲ್ಪಾನೂ ಮಾಡಿದ್ರು. ಒಂದು ಮಾಡಿದವರು ಇನ್ನೊಂದು ಮಾಡಬಾರದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹಿಮದೂರು (ಮಿನ್ನೆಸೋಟ)

ವ್ಯಾನ್ ಗೋ ಬೇಕು ಅಂತ ಹಾಕಿರಲಿಲ್ಲ, ಆದ್ರೂ ಅವನ ಚಿತ್ರದಲ್ಲೂ ಮರಳಿದೆ. 1882ರಲ್ಲಿ ನೆದರ್‌ಲ್ಯಾಂಡ್ಸ್‌ನ ಸ್ಕೆವೆನಿಂಗನ್ ಕಡಲತೀರದಲ್ಲಿ ಬಿರುಗಾಳಿಗೆ ನಿಂತು ಬರೆದದ್ದು, ಹಾರಿ ಬಂದ ಮರಳು ಹಸಿ ಬಣ್ಣಕ್ಕೆ ಅಂಟಿಕೊಂಡು ಇಂದಿಗೂ ಹಾಗೇ ಇದೆ. 2002ರಲ್ಲಿ ಕಳುವಾಗಿ 2016ರಲ್ಲಿ ಸಿಕ್ಕಿತಲ್ಲ, ಅದೇ ಚಿತ್ರ.

ಒಂಟಿಗೆರೆ (ತುಮಕೂರು)

ದೊಡ್ಡವರ ಹೆಸರು ಹೇಳಿದ ಮಾತ್ರಕ್ಕೆ ಒಪ್ಪೋಕಾಗಲ್ಲ. ಬ್ರಾಕ್ ಮರಳು ಹಾಕಿದ್ದು ಮರಳು ಹಾಗೆ ಕಾಣಿಸೋಕಲ್ಲ, ಬಣ್ಣದ ಮೈಯೇ ಬೇರೆ ಥರ ಇರಲಿ ಅಂತ. ಇಲ್ಲಿ ಕೇಳ್ತಿರೋದು ಕಲ್ಲಿನ ನಕಲು. ಒಂದು ಸಲಹೆ ಕೊಡ್ತೀನಿ, ಬೇಕಿದ್ರೆ ತಗೊಳ್ಳಿ: ಇಡೀ ಕಟ್ಟೆಗೆ ಮೆತ್ತಬೇಡಿ. ಬಿಸಿಲು ಬೀಳೋ ಕಡೆ ಮಾತ್ರ ಉಬ್ಬು ಇರಲಿ. ನೆರಳಿನ ಕಡೆ ತೆಳು ಬಣ್ಣ ಬಿಡಿ. ನೆರಳಲ್ಲಿ ಕಣ್ಣಿಗೆ ಅಷ್ಟೊಂದು ವಿವರ ಕಾಣಲ್ಲ. ಇಲ್ಲದಿದ್ರೆ ಗೋಡೆ ಮೇಲಿನ ನಿಜವಾದ ಲೈಟು ಒಂದು ಕಡೆಯಿಂದ, ನೀವು ಬರೆದ ಬೆಳಕು ಇನ್ನೊಂದು ಕಡೆಯಿಂದ ಬಿದ್ದು ಎರಡೂ ಜಗಳ ಆಡ್ತವೆ.

ಗೆರೆಗಾರ್ತಿ (ಮೈಸೂರು)

ಇದನ್ನ ಮೊದಲೇ ಹೇಳಬಾರದಿತ್ತೇ ಮಹಾನುಭಾವರೇ. ಇಷ್ಟು ಹೊತ್ತಿನ ಚರ್ಚೆಯಲ್ಲಿ ಚಿತ್ರದ ಮಾತು ಅಂದ್ರೆ ಇದೇ.

ಕಡಲತಡಿ (ಉಡುಪಿ)

ಕಲ್ಲಿನ ಪುಡಿ ತಂದಾಯ್ತು. ಸೀದಾ ಹಾಕುವುದಾ, ಏನಾದ್ರೂ ಸಂಸ್ಕಾರ ಬೇಕಾ? ಕಾಫಿ ಡಿಕಾಕ್ಷನ್‌ನಲ್ಲಿ ಕಪ್ಪು ಕಲೆ ಮಾಡಬಹುದು ಅಂತ ಒಬ್ಬರು ಹೇಳಿದ್ರು, ಅದು ಹೇಗೆ?

ಎರೆಹೊಲ (ಗದಗ)

ಪುಡೀನ ಬಕೀಟ್ ನೀರಾಗ ಕದಡ್ರಿ. ಕಸ, ಬೇರು ತೇಲತಾವು, ತಗದು ಒಗೀರಿ. ದಪ್ಪ ಹಳ್ಳು ತಳಕ್ಕ ಕುಂತ ಕೂಡ್ಲೆ ಮ್ಯಾಲಿನ ಕೆಂಪು ನೀರನ್ನ ಇನ್ನೊಂದು ಬಕೀಟಿಗೆ ಬಗ್ಗಸ್ರಿ, ಒಂದು ರಾತ್ರಿ ಬಿಡ್ರಿ. ತಳಕ್ಕ ಕುಂತ ಗಸಿ ಅದಲ್ಲ, ಅದು ಬಣ್ಣ. ಒಣಗಸಿ ತೆಳು ಬಟ್ಟ್ಯಾಗ ಸೋಸಿ ಇಡ್ರಿ. ಮೊದಲನೇ ಬಕೀಟಿನ ಹಳ್ಳು ಟೆಕ್ಸ್ಚರಿಗೆ. ಒಂದೇ ಕಲ್ಲಿನಾಗ ಎರಡೂ ಸಿಕ್ತು ನೋಡ್ರಿ. ಕೊಳವಿ ಬಚ್ಚಲಕ್ಕ ಮಾತ್ರ ಸುರೀಬ್ಯಾಡ್ರಿ, ಕಟ್ಟತೈತಿ. ಕುಂಡ್ಯಾಗ ಹಾಕ್ರಿ.

ಹಿಮದೂರು (ಮಿನ್ನೆಸೋಟ)

ಕಾಫಿ, ಚಹಾ, ಅರಿಶಿನ ಮೂರೂ ಸ್ಕೆಚ್‌ಬುಕ್ಕಿಗೆ ಚಂದ, ಗೋಡೆಗೆ ಬೇಡ. ಅರಿಶಿನದ ಹಳದಿ ಬೆಳಕಿಗೆ ಬೇಗ ಹಾರಿಹೋಗುತ್ತೆ. ಕಾಫಿ ಕಲೆಯ ಕಂದೂ ದಿನ ಹೋದ ಹಾಗೆ ಬದಲಾಗುತ್ತೆ. ತೂತಿನ ಕಪ್ಪಿಗೆ ಬರ್ಂಟ್ ಅಂಬರ್ ಅನ್ನೋ ಕಡು ಕಂದು ಬಣ್ಣವನ್ನ ತೆಳ್ಳಗೆ ನೀರು ಮಾಡಿ ಹರಿಸಿ, ಮೇಲೆ ನಿಂತಿದ್ದನ್ನ ಬಟ್ಟೆಯಲ್ಲಿ ಒರೆಸಿ. ಗುಳಿಯಲ್ಲಿ ಮಾತ್ರ ಬಣ್ಣ ಉಳಿಯುತ್ತೆ.

ಬಣ್ಣದ ಡಬ್ಬಿ (ಬೆಂಗಳೂರು)

ಒರೆಸೋಕೆ ಹಳೇ ಬನಿಯನ್ ಬೆಸ್ಟ್, ನೂಲು ಬಿಡಲ್ಲ. ಇಷ್ಟಾದ್ರೂ ನನ್ನ ಸಲಹೆ ಒಂದು ಪಾಸಾಗಲಿ.

ಕಡಲತಡಿ (ಉಡುಪಿ)

ಪಾಸ್ ಮೇಡಂ! ಕೊನೆಯ ಪ್ರಶ್ನೆ ಫ್ರೇಮಿನ ಅಣ್ಣನಿಗೆ. ಇಷ್ಟು ಉಬ್ಬಿದ ಚಿತ್ರಕ್ಕೆ ಗ್ಲಾಸ್ ಹಾಕುವುದಾ ಬೇಡವಾ?

ಚೌಕಟ್ಟಿನಂಗಡಿ (ಮಂಗಳೂರು)

ಅಕ್ರಿಲಿಕ್, ಹಲಗೆ ಮೇಲೆ, ವಾರ್ನಿಶ್ ಹೊಡೆದದ್ದಾದ್ರೆ ಗ್ಲಾಸ್ ಬೇಡ. ಉಬ್ಬಿನ ಸಂದಿಯ ಧೂಳನ್ನು ಒಣ ಮೇಕಪ್ ಬ್ರಷ್‌ನಿಂದ ತೆಗೆದ್ರೆ ಸಾಕು, ಒದ್ದೆ ಬಟ್ಟೆ ತಾಗಿಸಬೇಡಿ. ಗ್ಲಾಸ್ ಬೇಕೇ ಬೇಕು ಅಂತಾದ್ರೆ ಫ್ರೇಮಿನವರ ಹತ್ರ ಬಾಕ್ಸ್ ಫ್ರೇಮ್ ಕೇಳಿ. ಒಳಗೆ ಸುತ್ತ ಪಟ್ಟಿ ಕೊಟ್ಟು, ಅತೀ ಎತ್ತರದ ಉಬ್ಬಿಗೂ ಗಾಜಿಗೂ ನಡುವೆ ಕಿರುಬೆರಳು ಹೋಗುವಷ್ಟು ಜಾಗ ಬಿಡಬೇಕು. ಗಾಜಿಗೆ ತಾಗಿದ್ರೆ ಅಲ್ಲಿ ಬೆವರು ನಿಂತು ಬಣ್ಣ ಗಾಜಿಗೇ ಅಂಟ್ತದೆ, ಮತ್ತೆ ಬಿಡಿಸಲಿಕ್ಕೆ ಆಗುವುದಿಲ್ಲ. ಬೆನ್ನಿಗೆ ಕೆಳಗಿನ ಎರಡು ಮೂಲೆಯಲ್ಲಿ ರಬ್ಬರ್ ಗುಂಡಿ ಅಂಟಿಸಿ, ಗೋಡೆಗೂ ಫ್ರೇಮಿಗೂ ಮಧ್ಯೆ ಗಾಳಿ ಆಡಲಿ. ತೂಕ ಉಂಟು ಅಂತ ಮೊದಲೇ ಹೇಳಿ, ಒಂದು ಮೊಳೆಗೆ ನೇತಾಡಿಸುವ ಕೆಲಸ ಅಲ್ಲ ಅದು.